ನಾಲ್ಕು ಚಕ್ರದ ಅಡುಗೆಮನೆ

ಹೋದ ಶನಿವಾರ ನಾನು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಕಾಫಿ ಬೆರೆಸಿದೆ. (ಕೈ ಚುರುಕು ಅಂತಲ್ಲ. ಅಡುಗೆಮನೆಯೇ ಓಡುತ್ತಿತ್ತು.)

ಇದಕ್ಕೆಲ್ಲ ಮೂಲ ನಮ್ಮ ಅತ್ತೆಯ ಮಡಿ. ಎಂಬತ್ತೊಂದರ ವಯಸ್ಸಿನಲ್ಲಿ ಅವರಿಗೆ ರಾಮೇಶ್ವರಕ್ಕೆ ಹೋಗುವ ಆಸೆ. ಆದರೆ ಹೋಟೆಲ್ ಊಟ ಮುಟ್ಟುವುದಿಲ್ಲ, ಕಂಡಕಂಡ ಬಾತ್‌ರೂಮಿಗೆ ಕಾಲಿಡುವುದಿಲ್ಲ. "ಕಷ್ಟ ಆದ್ರೆ ಬಿಡಪ್ಪ, ಇನ್ನೆಷ್ಟು ದಿನ, ಮೇಲಕ್ಕೆ ಹೋದ್ಮೇಲೆ ನೇರವಾಗೇ ದರ್ಶನ ಮಾಡ್ಕೋತೀನಿ" ಎಂದು ಮಗನಿಗೆ ಹೇಳಿದರು. ಇದಕ್ಕಿಂತ ದೊಡ್ಡ ಬ್ಲ್ಯಾಕ್‌ಮೇಲ್ ಇದೆಯೇ?

ಮಗ ಅಂದರೆ ನನ್ನ ಯಜಮಾನರು. ಇನ್ಶೂರೆನ್ಸ್ ಸರ್ವೇಯರ್ ಆಗಿ ಮೂವತ್ತು ವರ್ಷ ನಜ್ಜುಗುಜ್ಜಾದ ಗಾಡಿಗಳನ್ನು ನೋಡಿ ರಿಪೋರ್ಟ್ ಬರೆದು ರಿಟೈರ್ ಆದವರು. ಮೂರು ದಿನ ಯೂಟ್ಯೂಬ್ ನೋಡಿ ಘೋಷಿಸಿದರು: "ಮೋಟರ್‌ಹೋಮ್ ಮಾಡಿಸೋಣ ಕಣೇ. ಒಲೆ, ಹಾಸಿಗೆ, ಟಾಯ್ಲೆಟ್, ಎಲ್ಲ ಗಾಡಿಯೊಳಗೇ."

ಹೀಗೆ ನಮ್ಮ ಮನೆಯಿರುವ ಪುರಸೈವಾಕ್ಕಂನಿಂದ ಹೊರಟು ರಾಯಪುರಂ ದಾಟಿ ಒಂದು ಶೆಡ್ಡಿಗೆ ಬಂದೆವು. ಲಾರಿಗೆ ಬಾಡಿ ಕಟ್ಟುವ ಜಾಗ. ಈಗ ವ್ಯಾನು, ಬಸ್ಸುಗಳ ಒಳಗೆ ಮನೆಯನ್ನೂ ಕಟ್ಟುತ್ತಾರೆ. ಓನರ್ ಸೆಲ್ವಂ ತಮಿಳರು, ಆದರೆ ಹೊಸೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಹಾಗಾಗಿ ಕನ್ನಡ ಬರುತ್ತದೆ. ನಮ್ಮ ಯಜಮಾನರು ನೋಟ್‌ಬುಕ್ ತೆಗೆದು ಮೂರು ಕಾಲಂ ಎಳೆದರು. ಎಂಜಿನ್, ಮೈಲೇಜ್, ಸೇಫ್ಟಿ.

ಮೊದಲು ಬಸ್ಸು. "ಎಂಜಿನ್ ಆನೆ ಸಾರ್. ಘಾಟ್‌ನಲ್ಲಿ ಏದುಸಿರು ಬಿಡೋದೇ ಇಲ್ಲ" ಎಂದರು ಸೆಲ್ವಂ. ಲೀಟರಿಗೆ ಎಷ್ಟು ಕೊಡುತ್ತೆ ಎಂದರು ಇವರು. ಸೆಲ್ವಂ ತಲೆ ಕೆರೆದುಕೊಂಡರು. "ಇದು ಕೊಡೋ ಜಾತಿ ಅಲ್ಲ ಸಾರ್, ಕುಡಿಯೋ ಜಾತಿ." ಅದೂ ಅಲ್ಲದೆ ನಮ್ಮ ಬೀದಿಯೊಳಗೆ ಅದು ತಿರುಗುವುದಿಲ್ಲ. ದೊಡ್ಡ ರಸ್ತೆಯಲ್ಲೇ ನಿಲ್ಲಿಸಿದರೆ ಈ ಮನೆಯಿಂದ ಆ ಮನೆಗೆ ಹೋಗಲು ಆಟೋ ಮಾಡಬೇಕು.

ಎರಡನೆಯದು ಪುಟ್ಟ ಲಾರಿಯ ಚಾಸಿ ಮೇಲೆ ಡಬ್ಬ ಕೂರಿಸಿದ್ದು, ಡ್ರೈವರ್ ತಲೆಯ ಮೇಲೆ ಅಟ್ಟದಂತೆ ಹಾಸಿಗೆ. ಎಳೆಯುವ ಶಕ್ತಿ ಚೆನ್ನಾಗಿದೆ, ಆದರೆ ಎತ್ತರದ ಡಬ್ಬ ಗಾಳಿಗೆ ಎದೆಯೊಡ್ಡುವುದರಿಂದ ಮೈಲೇಜ್ ಸುಮಾರು. ಯಜಮಾನರು ಗೋಡೆ ತಟ್ಟಿದರು. ಫೈಬರು, ಪ್ಲೈವುಡ್ಡು. "ಇದು ಪಲ್ಟಿ ಹೊಡೆದ್ರೆ ನಾನು ರಿಪೋರ್ಟ್‌ನಲ್ಲಿ ಬರೆಯೋಕೂ ಏನೂ ಉಳಿಯಲ್ಲ" ಎಂದರು.

ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಗಾಡಿಯೂ ಒಂದಿತ್ತು. (ಬರೀ ಕಾರನ್ನೇ ರಿವರ್ಸ್ ತೆಗೆಯಲು ಇವರಿಗೆ ಇಬ್ಬರು ವಾಚ್‌ಮನ್ ಬೇಕು. ಅದನ್ನು ನಾನೇ ಪಟ್ಟಿಯಿಂದ ಹೊಡೆದುಹಾಕಿದೆ.)

ಕೊನೆಗೆ ವ್ಯಾನು. ಫ್ಯಾಕ್ಟರಿಯ ಉಕ್ಕಿನ ಬಾಡಿ ಹಾಗೇ ಇದೆ, ಒಳಗೆ ಮಾತ್ರ ಮನೆ. ಎಂಜಿನ್ ಸಾಕಷ್ಟು, ಮೈಲೇಜ್ ಮರ್ಯಾದಸ್ಥ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್. ಒಂದೇ ತೊಂದರೆ, ದೇವರ ಗೂಡಿಗೂ ಟಾಯ್ಲೆಟ್ಟಿಗೂ ನಡುವೆ ಒಂದೇ ಗೋಡೆ. ಅತ್ತೆ ಜನ್ಮದಲ್ಲಿ ಒಪ್ಪುವುದಿಲ್ಲ ಎಂದೆ. "ಕವಲೆ ಪಡಾದೀಂಗ ಮಾಮಿ, ಚಿಂತೆ ಬೇಡ. ದೇವರನ್ನ ಮುಂದಕ್ಕೆ ಶಿಫ್ಟ್ ಮಾಡಿದ್ರಾಯ್ತು" ಎಂದರು ಸೆಲ್ವಂ.

ಸರಿ, ಟ್ರಯಲ್. ಲೋಡ್ ಇಲ್ಲದೆ ಟೆಸ್ಟ್ ಎಂಥದು ಅಂತ ಇವರು ಮನೆಯಿಂದಲೇ ವೆಟ್ ಗ್ರೈಂಡರ್, ಅಕ್ಕಿ ಮೂಟೆ, ನೀರಿನ ಕ್ಯಾನ್, ಜೊತೆಗೆ ಹಾಲು, ಡಿಕಾಕ್ಷನ್ ಫ್ಲಾಸ್ಕು ಹೇರಿಕೊಂಡು ಬಂದಿದ್ದರು. ಎಲ್ಲವನ್ನೂ ವ್ಯಾನಿಗೆ ಹತ್ತಿಸಿದ್ದಾಯಿತು. ಸೆಲ್ವಂ ಡ್ರೈವರ್ ಸೀಟಿನಲ್ಲಿ, ಇವರು ಪಕ್ಕದಲ್ಲಿ ಬೆಲ್ಟ್ ಬಿಗಿದು. ನಾನು ಹಿಂದೆ ಹಾಸಿಗೆಯ ಅಂಚಿನಲ್ಲಿ, ಲೋಡ್ ಜೊತೆ.

ಹಾರ್ಬರ್ ರಸ್ತೆಗೆ ಬಂದಾಗ ಇವರು ಹಿಂದಿರುಗಿ ನೋಡದೆಯೇ ಕೇಳಿದರು: "ಒಂದು ಲೋಟ ಕಾಫಿ ಮಾಡ್ತೀಯಾ? ಕಿಚನ್ನೂ ಟೆಸ್ಟ್ ಆದ ಹಾಗಾಗುತ್ತೆ."

ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನು ಏನು ಮಾಡಿದೆ? ಎದ್ದು ನಿಂತೆ. ಕಾಫಿ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಕಾಲು ನನ್ನನ್ನು ಕೇಳುವುದಿಲ್ಲ. ಒಲೆ ಹಚ್ಚಿದೆ, ಹಾಲಿಟ್ಟೆ. ಫ್ಲಾಸ್ಕಿನ ಡಿಕಾಕ್ಷನ್ ಬೆರೆಸಿ ಲೋಟಕ್ಕೆ ಬಗ್ಗಿಸುವ ಹೊತ್ತಿಗೆ, ಸಾಲಾಗಿ ನಿಂತಿದ್ದ ಕಂಟೇನರ್ ಲಾರಿಗಳ ಸಂದಿಯಿಂದ ಮೀನಿನ ಗಾಡಿಯೊಂದು ನುಗ್ಗಿತು. ಸೆಲ್ವಂ ಬ್ರೇಕ್ ಒತ್ತಿದರು.

ವ್ಯಾನ್ ನಿಂತಿತು. ನಾನು ನಿಲ್ಲಲಿಲ್ಲ. ಫ್ರಿಜ್ಜಿಗೆ ಭುಜ ಹೊಡೆದು, ಟಾಯ್ಲೆಟ್ ಬಾಗಿಲಿಗೆ ತಲೆ ತಗುಲಿ, ನೆಲಕ್ಕೆ ಕುಕ್ಕರಿಸಿದೆ. ಕಾಫಿ ಅರ್ಧ ಸೀರೆಗೆ, ಅರ್ಧ ಎಡಗೈಗೆ.

"ಬ್ರೇಕ್ ಪಾತ್ತೀಂಗಳಾ ಸಾರ್, ನೋಡಿದ್ರಾ?" ಎಂದರು ಸೆಲ್ವಂ, ಹೆಮ್ಮೆಯಿಂದ. "ಫಸ್ಟ್ ಕ್ಲಾಸ್" ಎಂದು ಇವರು ಬರೆದುಕೊಂಡರು.

ಕುಳಿತಲ್ಲಿಂದಲೇ ಕೈ ಚಾಚಿ ಮೊದಲು ಒಲೆ ಆರಿಸಿದೆ. ಆಮೇಲೆ ಸುತ್ತ ನೋಡಿದೆ. ಗ್ಯಾಸ್ ಸಿಲಿಂಡರ್‌ಗೆ ಎರಡು ಬೆಲ್ಟ್. ಟಿವಿಗೆ ಬೆಲ್ಟ್. ಗ್ರೈಂಡರ್, ಅಕ್ಕಿ ಮೂಟೆ, ಕ್ಯಾನ್‌ಗೆ ಹಗ್ಗ. ದೇವರ ಪಟಕ್ಕೆ ನಾಲ್ಕು ಸ್ಕ್ರೂ. ಇಡೀ ಗಾಡಿಯಲ್ಲಿ ಕಟ್ಟದೆ ಬಿಟ್ಟ ಸಾಮಾನು ನಾನೊಬ್ಬಳೇ.

ಮೈಯೆಲ್ಲ ಉರಿಯಿತು. ಸುಟ್ಟ ಕೈಗಿಂತ ಹೊಟ್ಟೆಯೇ ಹೆಚ್ಚು ಉರಿಯಿತು.

ಕಾಫಿ ಬರಲಿಲ್ಲವಲ್ಲ ಅಂತಲೋ ಏನೋ ಇವರು ತಿರುಗಿ ನೋಡಿದರು. ನೋಡಿದವರ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದೆ ಬಂದು, ಪಕ್ಕದಲ್ಲೇ ನೆಲಕ್ಕೆ ಕೂತು, ಕ್ಯಾನಿನಿಂದ ನನ್ನ ಕೈಗೆ ನೀರು ಸುರಿದರು.

"ರಿಪೋರ್ಟ್‌ನಲ್ಲಿ ಎಷ್ಟು ಸಲ ಬರೆದಿದ್ದೀನಿ ಕಣೇ, ಹಿಂದೆ ನಿಂತಿದ್ದ ಹೆಂಗಸು ಮುಂದಿನ ಗಾಜು ಒಡ್ಕೊಂಡು ಆಚೆ ಬಿದ್ದಳು ಅಂತ" ಎಂದರು. "ಅವಳು ಯಾಕೆ ನಿಂತಿದ್ಲು ಅಂತ ಒಂದು ಸಲಾನೂ ಕೇಳ್ಲಿಲ್ಲ."

ನನ್ನ ಸಿಟ್ಟು ಅರ್ಧ ಇಳಿಯಿತು. (ಅರ್ಧ ಮಾತ್ರ. ಮಿಕ್ಕಿದ್ದನ್ನು ರಾಮೇಶ್ವರದವರೆಗೆ ಇಟ್ಟುಕೊಂಡಿದ್ದೇನೆ.)

ಹಿಂದೆ ಯಾಕೆ ಬೆಲ್ಟಿಲ್ಲ ಎಂದು ಇವರು ಸೆಲ್ವಂರನ್ನು ಕೇಳಿದರು. "ಹಿಂದೆ ಮನೆ ಅಲ್ವಾ ಸಾರ್? ಮನೇಲಿ ಯಾರಾದ್ರೂ ಬೆಲ್ಟ್ ಹಾಕ್ತಾರಾ? ಇದುವರೆಗೆ ಒಬ್ಬ ಕಸ್ಟಮರೂ ಕೇಳಿಲ್ಲ. ಎಲ್ಲರೂ ಟಿವಿ ಎಷ್ಟು ಇಂಚು ಅಂತಾನೇ ಕೇಳೋದು."

ಯಜಮಾನರು ನೋಟ್‌ಬುಕ್ಕಿನ ಹಾಳೆ ಹರಿದು, ಹೊಸ ಹಾಳೆಯಲ್ಲಿ ಬರೆದರು. ಹಿಂದೆ ಎರಡು ಸೀಟು, ಚಾಸಿಗೇ ಬೋಲ್ಟ್ ಹಾಕಬೇಕು, ಮುಂದಕ್ಕೆ ಮುಖ, ಬೆಲ್ಟ್ ಬೇಕೇ ಬೇಕು. ಒಂದು ಅಮ್ಮನಿಗೆ, ಒಂದು ಇವಳಿಗೆ. ಗಾಡಿ ಓಡುವಾಗ ಒಲೆ ಹಚ್ಚುವಂತಿಲ್ಲ. "ಕಿಚನ್ ಚಿಕ್ಕದಾಗುತ್ತಲ್ಲ ಸಾರ್?" "ಆಗ್ಲಿ."

ನಿನ್ನೆ ಹೋಗಿ ನನ್ನ ಸೀಟಿನಲ್ಲಿ ಕೂತು ಬಂದೆ. ಒಲೆಗೆ ಒಂದೇ ಮಾರು ದೂರ, ಬೆನ್ನಿಗೆ ಮೆತ್ತೆ. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಈ ಊರಿನ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿದ್ದೇನೆ. ಯಾವ ಅಡುಗೆಮನೆಯಲ್ಲೂ ನಾನು ಕೂತದ್ದು ನೆನಪಿಲ್ಲ, ಕೂರಲು ಏನೂ ಇರಲಿಲ್ಲ.

ಅಡುಗೆ ಮಾಡುವವಳಿಗೂ ಒಂದು ಕುರ್ಚಿ ಬೇಕು ಅಂತ ಹೊಳೆಯಬೇಕಾದರೆ ಮನೆಗೆ ಚಕ್ರ ಜೋಡಿಸಬೇಕಿತ್ತೇ?