ನದಿಗುಂಟ ಮೂವತ್ತೆಂಟು ಫೋನು, ಒಂದು ದನಿ

ಬೆಳಗಿನ ಐದೂಮುಕ್ಕಾಲು. ಬ್ರಯಿಲಾ ಬಂದರಿನ ಜಲಮಾರ್ಗ ಕಚೇರಿಯ ನೆಲಮಾಳಿಗೆಯಲ್ಲಿ ವಿಯೊರಿಕಾ ತ್ಸುರ್ಲೆಯಾ ಕೋಟು ಬಿಚ್ಚುವ ಮೊದಲೇ ಫೋನು ಎತ್ತುತ್ತಾರೆ. ಅತ್ತ ಕಡೆಯವನ ಮೊಬೈಲಿನಲ್ಲಿ ಕಚೇರಿಯ ಇಮೇಲ್ ತೆರೆಯುತ್ತಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆಂದು ಅವನು ಗೊಣಗುತ್ತಾನೆ. "ಮೊದಲಕ್ಷರ ಚಿಕ್ಕದಿರಬೇಕು ಕಣಪ್ಪ, ಫೋನು ತಾನಾಗೇ ದೊಡ್ಡದು ಮಾಡಿರುತ್ತೆ. ಕನ್ನಡಕ ಎಲ್ಲಿ? ಹುಡುಕು, ನಾನೇನು ಓಡಿಹೋಗಲ್ಲ" ಎನ್ನುತ್ತಾರೆ ವಿಯೊರಿಕಾ. ಎರಡು ನಿಮಿಷದ ನಂತರ ಇಮೇಲ್ ತೆರೆಯುತ್ತದೆ. ಅವನು ಥ್ಯಾಂಕ್ಸ್ ಹೇಳದೆ ಇಡುತ್ತಾನೆ.

ಡ್ಯಾನ್ಯೂಬ್ ನದಿಯ ಗುಂಟ ಮೂವತ್ತೆಂಟು ಕಡೆ ನೀರಿನ ಮಟ್ಟ ಓದುವವರಿದ್ದಾರೆ. ಆರಕ್ಕೆ ಅಳತೆಗೋಲು ನೋಡಿ ಏಳರೊಳಗೆ ಅಂಕಿಯನ್ನು ಕಚೇರಿಗೆ ಮೇಲ್ ಮಾಡಬೇಕು. ಅದನ್ನು ನೋಡಿಯೇ ಜೋಳ ತುಂಬಿದ ಸರಕು ದೋಣಿಗಳು ಲಂಗರು ಎತ್ತುವುದು. ಅವರ ಇಮೇಲ್ ತೊಡಕು ಬಿಡಿಸುವುದು ವಿಯೊರಿಕಾ ಕೆಲಸ. ದಿನಕ್ಕೆ ಇಪ್ಪತ್ತು ಕರೆ, ಪಾಸ್‌ವರ್ಡ್ ಬದಲಿಸುವ ವಾರದಲ್ಲಿ ಅರವತ್ತು. ಏಳು ವರ್ಷಗಳಲ್ಲಿ ಈ ಮೂವತ್ತೆಂಟು ಜನರ ಪೈಕಿ ಮೂವರ ಮುಖವನ್ನಷ್ಟೇ ವಿಯೊರಿಕಾ ನೋಡಿದ್ದಾರೆ. ಉಳಿದವರ ಕೆಮ್ಮು ಗೊತ್ತು, ನಾಯಿಗಳ ಹೆಸರು ಗೊತ್ತು.

ಐವತ್ತೊಂದರ ವಿಯೊರಿಕಾ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅದು ಮುಚ್ಚಿತು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಅಡುಗೆಮನೆಯ ಮೇಜಿನ ಮೇಲೆ ದಪ್ಪ ಪುಸ್ತಕ ಹರವಿಕೊಂಡು ಈ ಕೆಲಸ ಕಲಿತರು. ಮೂರನೇ ಮಹಡಿಯ ಎಂಜಿನಿಯರುಗಳು ಅವರನ್ನು 'ನೆಲಮಾಳಿಗೆಯ ಅಜ್ಜಿ' ಎಂದು ಛೇಡಿಸುತ್ತಾರೆ. "ಸರ್ವರ್ ಅವರದು, ಜನ ನಂದು" ಎಂದು ಇವರು ನಗುತ್ತಾರೆ.

ಹೋದ ಸೆಪ್ಟೆಂಬರಿನಲ್ಲಿ ಕಚೇರಿ ಹೊಸ ಸರ್ವರ್ ತಂದಿತು. ಅಂದಿನಿಂದ ಪಾಸ್‌ವರ್ಡ್ ಒಂದೇ ಸಾಲದಾಯಿತು. ಅರ್ಧ ನಿಮಿಷಕ್ಕೊಮ್ಮೆ ಫೋನಿನಲ್ಲಿ ಬದಲಾಗುವ ಆರು ಅಂಕಿಗಳನ್ನೂ ಪ್ರತಿದಿನ ಒತ್ತಬೇಕು. ಮೂವತ್ತೇಳು ಜನ ಒಳಗೆ ಬಂದರು. ನದಿ ತಿರುವಿನ ಅಳತೆ ಠಾಣೆಯ ನೆಕುಲೈ ಮಾತ್ರ ಹೊರಗುಳಿದ. ಇಪ್ಪತ್ತಾರು ವರ್ಷದಿಂದ ಒಂದು ದಿನವೂ ಅಳತೆ ತಪ್ಪಿಸದ ಮನುಷ್ಯ. ನದಿ ಇಳಿದಿತ್ತು, ತಿರುವಿನಲ್ಲಿ ದೋಣಿಗಳು ಕಾದು ನಿಂತಿದ್ದವು. ಬಾಯಿಮಾತಿನ ಅಂಕಿ ದಾಖಲೆಗೆ ಸೇರುವುದಿಲ್ಲ. ಐದನೇ ದಿನ ಮೇಲಧಿಕಾರಿಯಿಂದ ಅವನಿಗೆ ಪತ್ರ ಹೋಯಿತು: ಇನ್ನೆರಡು ದಿನ ಹೀಗೇ ಆದರೆ ಠಾಣೆ ಮುಚ್ಚಿ ಯಂತ್ರ ಕೂರಿಸುತ್ತೇವೆ.

ವಿಯೊರಿಕಾ ಖಾತೆ ಅಳಿಸಿ ಮತ್ತೆ ಹಾಕಿಸಿದ್ದರು. ಸರ್ವರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಿದ್ದರು. ಏನೂ ಆಗಲಿಲ್ಲ. "ನಿನ್ನ ಆರು ಅಂಕಿಗೆ ನನ್ನ ಮುಖ ಸೇರಲ್ಲ ತಂಗೀ" ಎಂದು ನೆಕುಲೈ ಸೋತ ದನಿಯಲ್ಲಿ ನಕ್ಕಿದ್ದ.

ಆರನೇ ಬೆಳಿಗ್ಗೆ ವಿಯೊರಿಕಾ, ಆ ಆರು ಅಂಕಿ ಮೂಡಿದ ಗಳಿಗೆಯನ್ನು ಫೋನಿನಲ್ಲೇ ನೋಡಿ ಹೇಳು ಎಂದರು. ಐದೂ ಹತ್ತು ಎಂದ. ನೆಲಮಾಳಿಗೆಯ ಗಡಿಯಾರದಲ್ಲಿ ಆರೂ ಹತ್ತಾಗಿತ್ತು.

"ನೆಕುಲೈ ಅಣ್ಣ, ಫೋನಿನ ಟೈಮು ಯಾರು ತಿರುಗಿಸಿದ್ದು?"

"ನಾನೇ. ಅಳತೆಗೆ ಗೋಡೆ ಗಡಿಯಾರ ಇದೆ. ಫೋನು ಆಗ್ಲಾಯಾಂದು" ಎಂದ.

ಆಗ್ಲಾಯಾ ಅವನ ಹೆಂಡತಿ. ಇಟಲಿಯ ಫೆರಾರಾದಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳನ್ನು ನೋಡಿಕೊಂಡು ನಾಲ್ಕು ವರ್ಷ. ಅಲ್ಲಿ ಒಂದು ಗಂಟೆ ಹಿಂದೆ. ಒಮ್ಮೆ ಲೆಕ್ಕ ತಪ್ಪಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿದ್ದ. ಮುದುಕಿ ಎಚ್ಚರಗೊಂಡು ರಂಪ ಮಾಡಿದ್ದಳು, ಆಗ್ಲಾಯಾ ಬೈಸಿಕೊಂಡಿದ್ದಳು. ಅವತ್ತೇ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿತ್ತು. ಆರು ಅಂಕಿಗಳು ಗಡಿಯಾರ ನೋಡಿಯೇ ಹುಟ್ಟುವಂಥವು. ಒಂದು ಗಂಟೆ ಹಳೆಯ ಅಂಕಿಯನ್ನು ಸರ್ವರ್ ಒಪ್ಪುವುದಿಲ್ಲ.

ಟೈಮು ಸರಿಮಾಡು ಎಂದರೆ ನೆಕುಲೈ ಒಪ್ಪಲಿಲ್ಲ. "ಕೆಲಸ ಹೋದ್ರೆ ಹೋಗ್ಲಿ. ಫೋನು ತೆಗೆದಾಗೆಲ್ಲ ಅವಳೀಗ ಎದ್ದಿರ್ತಾಳೆ, ಈಗ ಸೂಪು ಕಾಯಿಸ್ತಾಳೆ ಅಂತ ಕಾಣುತ್ತೆ. ಅದನ್ನ ಕಿತ್ತುಕೋಬೇಡ."

ವಿಯೊರಿಕಾ ವಾದಿಸಲಿಲ್ಲ. ಒಂದೇ ಫೋನಿನಲ್ಲಿ ಎರಡು ಊರಿನ ಗಡಿಯಾರ ಇಡಬಹುದು ಎಂದು ತಿಳಿಸಿ, ಯಾವ ಊರು ದೊಡ್ಡದಾಗಿ ಕಾಣಲಿ ಎಂದಷ್ಟೇ ಕೇಳಿದರು.

"ಅವಳದು."

ಫೆರಾರಾ ದೊಡ್ಡ ಅಂಕಿಯಲ್ಲಿ ಪರದೆಯ ನಡುವೆ ಕೂತಿತು. ಅವನ ಸ್ವಂತ ಊರಿನ ಸರಿಯಾದ ಸಮಯ ಮೂಲೆಗೆ ಹೋಯಿತು; ಆರು ಅಂಕಿಗಳು ಈಗ ಅದನ್ನೇ ನೋಡಿ ಹುಟ್ಟಿದವು, ಸರ್ವರ್ ಒಪ್ಪಿತು. ಏಳಕ್ಕೆ ಎಂಟು ನಿಮಿಷವಿರುವಾಗ ತಿರುವಿನ ಮಟ್ಟ ಕಚೇರಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಹೊರಟವು, ಠಾಣೆ ಉಳಿಯಿತು. ಪತ್ರ ಬರೆದವರಿಗೆ ಇದಾವುದೂ ತಿಳಿಯದು.

ಆಮೇಲೆ ನೆಕುಲೈ ಫೋನು ಮಾಡಿಲ್ಲ. ಮಾಡುವ ಅಗತ್ಯವೇ ಬಿದ್ದಿಲ್ಲ. ಅವನ ಅಂಕಿ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತದೆ, ವಿಯೊರಿಕಾ ಪರದೆಯಲ್ಲಿ ಅದನ್ನು ಒಂದು ಕ್ಷಣ ನೋಡುತ್ತಾರೆ.

ಎಂಟೂವರೆಗೆ ಕರೆಗಳು ನಿಲ್ಲುತ್ತವೆ. ನಿಮಗೇನು ಬೇಕು ಎಂದು ಕೇಳಿದರೆ ಸಂಬಳ, ಬಡ್ತಿ ಯಾವುದನ್ನೂ ಎತ್ತುವುದಿಲ್ಲ. ತಣ್ಣಗಾದ ಚಹಾದ ಲೋಟ ತಿರುಗಿಸುತ್ತಾ ಯೋಚಿಸುತ್ತಾರೆ.

"ಸರಿಹೋದವರು ಯಾರೂ ಮತ್ತೆ ಫೋನು ಮಾಡಲ್ಲ. ನನ್ನ ಕೆಲಸ ಚೆನ್ನಾಗಿದೆ ಅನ್ನೋಕೆ ಅದೇ ಸಾಕ್ಷಿ. ಆದ್ರೂ ಒಂದು ಬೆಳಿಗ್ಗೆ ಯಾರಾದ್ರೂ ಫೋನು ಮಾಡಿ, 'ಏನೂ ಕೆಟ್ಟಿಲ್ಲ ವಿಯೊರಿಕಾ, ಸುಮ್ನೆ ಮಾಡ್ದೆ' ಅನ್ಲಿ ಅಂತ ಆಸೆ."