ತೊಂಬತ್ತಾರು ಮನೆಗಳಿಗೆ ಮರಳಿ ಹೋದವರು

ಮೂವತ್ತೆರಡು ವರ್ಷಗಳ ಹಿಂದಿನ ಮಾತು. ಕಾರ್ಕಳದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅಂತಿಮ ಬಿ.ಎ. ಓದುತ್ತಿದ್ದ ಬೇಬಿ ಶೆಟ್ಟಿಗಾರ್, ಶಂಕರಪುರದ ಆಸುಪಾಸಿನ ನೂರ ನಲವತ್ತು ಮನೆಗಳನ್ನು ಸಮೀಕ್ಷೆ ಮಾಡಿ, ಅಚ್ಚುಕಟ್ಟಾಗಿ ಬರೆದ ವರದಿಯನ್ನು ಅಧ್ಯಾಪಕರ ಮುಂದಿಟ್ಟರು. ತೊಂಬತ್ತಾರು ಮನೆಗಳ ಹೆಂಗಸರ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದಿತ್ತು. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಹಿಂದಿರುಗಿಸಿದರು: ‘ಹಾಗಾದರೆ ಆ ಊರಿನ ಮಲ್ಲಿಗೆಯನ್ನೆಲ್ಲ ಕಟ್ಟುವವರು ಯಾರು?’ ಕುಳಿತಲ್ಲೇ ತಿದ್ದಿಕೊಡಬಹುದಿತ್ತು. ಗೆಳತಿಯರು ಕೊಟ್ಟ ಸಲಹೆಯೂ ಅದೇ. ಬೇಬಿ ತಿದ್ದಲಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ಹನ್ನೆರಡು ದಿನ ನಡೆದು, ತೊಂಬತ್ತಾರು ಮನೆಗಳ ಮೆಟ್ಟಿಲನ್ನೂ ಮತ್ತೆ ಹತ್ತಿದರು. ಕೈಮಗ್ಗದ ಸದ್ದಿನಲ್ಲಿ ಬೆಳೆದ ಮನೆತನದ ಮೊದಲ ಪದವೀಧರೆಗೆ ದೊರೆತ ಪ್ರಥಮ ದರ್ಜೆ ಆ ನಡಿಗೆಯ ಫಲ.

ಅವರು ಇಂದಿಗೂ ಮನೆ ಮನೆ ಸಮೀಕ್ಷೆಗೆಂದು ನಡೆಯುತ್ತಲೇ ಇದ್ದಾರೆ. ಬೆಳಗಿನ ಆರೂವರೆ. ಕಟಪಾಡಿಯಿಂದ ಮೊದಲ ಬಸ್ಸು ಹಿಡಿದು ಬಂದ ಬೇಬಿಯಕ್ಕ, ಶಂಕರಪುರದ ಆನಿ ಬಾಯಮ್ಮನವರ ಜಗಲಿಯಲ್ಲಿ ಕಾಲು ಮಡಚಿ ಕುಳಿತಿದ್ದಾರೆ. ಸಮೀಕ್ಷೆಯ ಟ್ಯಾಬ್ ಚೀಲದಿಂದ ಹೊರಗೆ ಬಂದಿಲ್ಲ. ಅವರ ಕೈಯಲ್ಲಿರುವುದು ಬಾಳೆನಾರು. ಮುಂದಿನ ಬುಟ್ಟಿಯಲ್ಲಿ ಈಗಷ್ಟೇ ಕೊಯ್ದ ಮಲ್ಲಿಗೆ ಮೊಗ್ಗು. ಹತ್ತು ಗಂಟೆಯೊಳಗೆ ಹೂವು ಮಾರಾಟದ ಕಟ್ಟೆ ಸೇರಬೇಕು. ಸೇರದಿದ್ದರೆ ಆ ದಿನದ ಹೂವು ಆ ದಿನಕ್ಕೇ ಮುಗಿಯಿತು. ಈ ಹೊತ್ತಿನಲ್ಲಿ ಬಂದು ಪ್ರಶ್ನೆ ಕೇಳುವವರನ್ನು ಯಾವ ಮನೆಯೂ ಸಹಿಸದು. ಜೊತೆಗೆ ಕುಳಿತು ಕಟ್ಟುವವರನ್ನು ಯಾವ ಮನೆಯೂ ಎಬ್ಬಿಸದು. ಬೇಬಿಯಕ್ಕ ಕಲಿತ ಕಸಬಿನ ಗುಟ್ಟು ಇಷ್ಟೇ.

ಪಕ್ಕದಲ್ಲಿ ಕುಳಿತವಳು ಬೇಬಿಯಕ್ಕನ ನೆರೆಮನೆಯ ಮಾನಸ. ಬಿ.ಎ.ಗೆ ಸೇರಿ ಮೂರು ವಾರವಾಗಿದೆ. ಸಮಾಜಶಾಸ್ತ್ರ ಅವಳೇ ಆರಿಸಿಕೊಂಡ ವಿಷಯ. ಬಿ.ಕಾಂ.ಗೆ ಬದಲಾಯಿಸಿಕೊಳ್ಳಲು ಶನಿವಾರದವರೆಗೆ ಅವಕಾಶವಿದೆ, ಬದಲಾಯಿಸಲೇಬೇಕೆಂಬುದು ಆಟೊ ಓಡಿಸುವ ತಂದೆ ಅಣ್ಣುವಿನ ಹಟ. ‘ಬೇಬಿಯಕ್ಕನ ಒಟ್ಟಿಗೆ ಒಂದು ದಿನ ಮಳೆಯಲ್ಲಿ ತಿರುಗಿ ನೋಡು, ಬುದ್ಧಿ ತನ್ನಿಂದ ತಾನೇ ಬರ್ತದೆ’ ಎಂದು ಅವರೇ ಕಳುಹಿಸಿದ್ದಾರೆ. ಇಂದು ಗುರುವಾರ.

ಮಾನಸ ಉತ್ಸಾಹದಿಂದ ಬಾಯಿ ತೆರೆಯುತ್ತಾಳೆ. ‘ಆಂಟಿ, ನೀವು ಎಂತ ಕೆಲಸ ಮಾಡುವುದು?’

‘ಕೆಲಸವಾ? ಎಂತ ಇಲ್ಲ ಮಗಾ. ಮನೆಯಲ್ಲಿ ಸುಮ್ಮನೆ ಕೂತಿರುವುದು’ ಎನ್ನುತ್ತಾರೆ ಅರವತ್ತೊಂದರ ಆನಿ. ಬೆರಳುಗಳು ಮಾತ್ರ ನಿಲ್ಲುವುದಿಲ್ಲ. ಮಾನಸ ತನ್ನ ನೋಟ್‌ಬುಕ್ಕಿನಲ್ಲಿ ‘ಕೆಲಸವಿಲ್ಲ’ ಎಂದು ಬರೆದುಕೊಳ್ಳುತ್ತಾಳೆ. ಬೇಬಿಯಕ್ಕ ಅದನ್ನು ಓರೆಗಣ್ಣಿನಲ್ಲಿ ನೋಡಿ, ನಕ್ಕು, ಇನ್ನೊಂದು ಬದಿಯಿಂದ ಕೇಳುತ್ತಾರೆ.

‘ಬಾಯಮ್ಮ, ನಿನ್ನೆ ಎಷ್ಟು ಗಂಟೆಗೆ ಎದ್ದದ್ದು?’

‘ನಾಲ್ಕೂವರೆಗೆ. ಬೆಳಕು ಹರಿಯುವಾಗ ಗಿಡದ ಬುಡದಲ್ಲಿ ಇರಬೇಕಲ್ವಾ?’

‘ಮತ್ತೆ?’

ಮತ್ತೆ ಎಂಬ ಆ ಒಂದು ಪದ ಹನ್ನೊಂದು ಸಲ ಬರುತ್ತದೆ. ಕೊಯ್ದದ್ದು, ಕಟ್ಟಿದ್ದು, ಕಟ್ಟೆಗೆ ಒಯ್ದದ್ದು, ಗಿಡಕ್ಕೆ ಗೊಬ್ಬರ ಹಾಕಿದ್ದು, ಹಾಸಿಗೆ ಹಿಡಿದ ಅತ್ತೆಯನ್ನು ಮೀಯಿಸಿದ್ದು, ಸಂಜೆ ಇಗರ್ಜಿಯ ಗಾಯನಕ್ಕೆ ಓಡಿದ್ದು. ಕೊನೆಗೆ ಆನಿಯವರೇ ತಲೆಯೆತ್ತುತ್ತಾರೆ. ‘ಓ ದೇವರೇ, ಹದಿನೈದು ಗಂಟೆ ಆಯ್ತಲ್ಲ! ನಮ್ಮ ಯಜಮಾನರು ರೊಸಾರಿಯೊ ಪೊರ್ಬುಗಳ ಹತ್ತಿರ ಹೇಳಬೇಕು. ದುಬಾಯಿಯಲ್ಲಿ ಇರುವಾಗ ಎಂಟೇ ಗಂಟೆ ದುಡಿದದ್ದಂತೆ, ಇವತ್ತಿಗೂ ಅದೇ ಸುದ್ದಿ.’ ಒಳಗಿನಿಂದ ಗಂಡನ ಕೆಮ್ಮು ಕೇಳಿಸುತ್ತದೆ. ಮಾನಸ ಸದ್ದಿಲ್ಲದೆ ತಾನು ಬರೆದ ಸಾಲನ್ನು ಹೊಡೆದುಹಾಕುತ್ತಾಳೆ.

ಒಂದು ಮನೆಗೆ ನಲವತ್ತೆರಡು ಪ್ರಶ್ನೆ, ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ, ಈವರೆಗೆ ಇಪ್ಪತ್ತೇಳು ಸಮೀಕ್ಷೆ. ಕಾಪುವಿನ ಕಡಲ ಕರೆಯಿಂದ ಬೆಳ್ಮಣ್ಣಿನ ಗದ್ದೆಗಳವರೆಗೆ ಅವರನ್ನು ಕಂಡು ನಾಯಿ ಬೊಗಳದ ಓಣಿಗಳೇ ಹೆಚ್ಚು. ಆದರೂ ವರ್ಷದಲ್ಲಿ ಎಂಟು ತಿಂಗಳು ಕೆಲಸವಿದ್ದರೆ ಹೆಚ್ಚು. ಉಳಿದ ದಿನ ಕರೆಗಾಗಿ ಕಾಯುವುದೇ ಉದ್ಯೋಗ. ದಿನಕ್ಕೆ ಹದಿನಾಲ್ಕು ಮನೆ ಮುಗಿಸಬೇಕೆಂಬ ನಿಯಮವಿದ್ದಾಗ ಒಂಬತ್ತು ಮನೆಯಷ್ಟೇ ಮುಗಿಸಿದ ತಪ್ಪಿಗೆ ಒಮ್ಮೆ ಅವರನ್ನು ಅರ್ಧದಲ್ಲೇ ಬಿಡಿಸಿದ್ದೂ ಉಂಟು. ‘ಮರದಡಿ ಕೂತು ಐದು ಮನೆ ನಾನೂ ತುಂಬಿಸಬಹುದಿತ್ತು. ಆದರೆ ಆ ಐದು ಮನೆಯವರು ಎಂತ ತಿಂದರು, ಎಂತ ದುಡಿದರು ಅಂತ ನನಗೆ ಹೇಗೆ ಗೊತ್ತು?’ ಎಂಬುದು ಅವರ ಸರಳ ವಾದ.

ಹನ್ನೆರಡೂವರೆಗೆ ಮಳೆ ಬಿರುಸಾಗುತ್ತದೆ. ಮಗಳನ್ನು ಕರೆದೊಯ್ಯಲು ಅಣ್ಣುವಿನ ಆಟೊ ಬಂದು ನಿಲ್ಲುತ್ತದೆ.

‘ಎಂತ ಬೇಬಿಯಕ್ಕ, ನನ್ನ ಮಗಳನ್ನೂ ನಿಮ್ಮ ಹಾಗೆ ಮನೆ ಮನೆ ತಿರುಗಿಸುವ ಅಂದಾಜಾ?’

‘ನೀನೂ ತಿರುಗುವುದೇ ಅಲ್ವಾ ಮಾರಾಯ? ನಿನಗೆ ಮೂರು ಚಕ್ರ ಉಂಟು, ನನಗೆ ಎರಡು ಕಾಲು.’

ಅಣ್ಣು ನಗುತ್ತಾರೆ, ಆದರೆ ಸೋಲುವುದಿಲ್ಲ. ‘ತಮಾಷೆ ಬಿಡಿ. ಅದನ್ನು ಕಲಿತರೆ ಎಂತ ಸಿಗ್ತದೆ, ಅದು ಹೇಳಿ.’

ಬೇಬಿಯಕ್ಕ ಬಣ್ಣ ಕಟ್ಟುವವರಲ್ಲ. ತಮ್ಮ ತರಗತಿಯಲ್ಲಿ ಹದಿನೆಂಟು ಮಂದಿ ಇದ್ದುದನ್ನು, ಅವರಲ್ಲಿ ಒಬ್ಬಳು ಅಂಗನವಾಡಿಗಳ ಮೇಲ್ವಿಚಾರಕಿಯಾದುದನ್ನು, ಇಬ್ಬರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಾದುದನ್ನು, ಒಬ್ಬ ಕಾರ್ಖಾನೆಯಲ್ಲಿ ಕಾರ್ಮಿಕರ ಕ್ಷೇಮ ನೋಡಿಕೊಳ್ಳುವುದನ್ನು, ಮೂವರು ಬಿ.ಎಡ್. ಮುಗಿಸಿ ಪಾಠ ಹೇಳುವುದನ್ನು, ಏಳು ಮಂದಿಗೆ ಓದಿಗೆ ತಕ್ಕ ಕೆಲಸವೇ ದಕ್ಕದ್ದನ್ನು ಒಂದೂ ಮುಚ್ಚಿಡದೆ ಹೇಳುತ್ತಾರೆ. ಬೇಬಿಯಕ್ಕನನ್ನೂ ಹತ್ತಿಸಿಕೊಂಡು ಆಟೊ ಹೊರಟ ಮೇಲೆ, ಅವರ ಜೊತೆಗೆ ಓದಿದ ಗೆಳತಿ ಲಿಡ್ವಿನ್‌ಳ ಮಾತು ಬರುತ್ತದೆ. ಬಿ.ಎ. ಮುಗಿಸಿ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ ಆಕೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆ. ಪೆರ್ಡೂರಿನ ಅಜ್ಜನೊಬ್ಬ ಸಕ್ಕರೆ ಕಾಯಿಲೆ ಏರಿಸಿಕೊಂಡು ತಿಂಗಳು ತಿಂಗಳೂ ಬಂದು ಮಲಗುತ್ತಿದ್ದ. ಇನ್ಸುಲಿನ್ ಯಾಕೆ ಚುಚ್ಚಿಕೊಳ್ಳುವುದಿಲ್ಲ ಎಂದರೆ ಬಾಯಿ ಬಿಡ. ಲಿಡ್ವಿನ್ ಅರ್ಧ ದಿನ ಹತ್ತಿರ ಕುಳಿತು ಕೇಳಿದಾಗ ಸಂಗತಿ ಹೊರಬಿತ್ತು: ಅಜ್ಜನ ಮನೆಯಲ್ಲಿ ಫ್ರಿಜ್ ಇಲ್ಲ, ಔಷಧಿ ಇದ್ದದ್ದು ಪಕ್ಕದ ಮನೆಯ ಫ್ರಿಜ್ಜಿನಲ್ಲಿ, ಬೇಲಿಯ ಜಗಳವಾಗಿ ಆ ಮನೆಯೊಡನೆ ಮಾತೇ ನಿಂತಿತ್ತು. ಆಕೆ ಊರಿನ ಹಾಲಿನ ಡೈರಿಯವರಿಗೆ ಹೇಳಿ ಅಲ್ಲಿನ ಫ್ರಿಜ್ಜಿನಲ್ಲಿ ಜಾಗ ಮಾಡಿಸಿದಳು. ಹಾಲು ಕೊಡಲು ಹೋದಾಗಲೆಲ್ಲ ಅಜ್ಜನಿಗೆ ಔಷಧಿಯೂ ಆಯಿತು. ಆಮೇಲೆ ಆತ ಮಲಗಲು ಬರಲಿಲ್ಲ.

‘ನನ್ನದು ದೊಡ್ಡ ಆಸೆ ಎಂತ ಇಲ್ಲ ಅಣ್ಣು’ ಎನ್ನುತ್ತಾರೆ ಬೇಬಿಯಕ್ಕ. ‘ನನಗೆ ಐವತ್ತಮೂರು. ಮಂಡಿ ನೋವು ಸುರುವಾಗಿದೆ. ನನ್ನ ನಂತರವೂ ಈ ಮನೆಗಳಲ್ಲಿ ಸರಿಯಾಗಿ ಕೂತು ಕೇಳುವವರು ಒಬ್ಬರು ಇರಲಿ. ಅದು ನಿನ್ನ ಮಗಳೇ ಆಗಬೇಕು ಅಂತ ನಾನು ಹೇಳುವುದಿಲ್ಲ. ಅವಳನ್ನು ಕೇಳು.’

ಕಟಪಾಡಿ ಪೇಟೆ ಬರುತ್ತದೆ. ಅಣ್ಣು ಕನ್ನಡಿಯಲ್ಲಿ ಮಗಳ ಮುಖ ನೋಡುತ್ತಾರೆ. ‘ಮಳೆ ಸದ್ದಿಗೆ ಅರ್ಧ ಕೇಳಿತು, ಅರ್ಧ ಇಲ್ಲ. ಸಮಾಜಶಾಸ್ತ್ರದವರು ಫ್ರಿಜ್ ಸಹ ರಿಪೇರಿ ಮಾಡ್ತಾರಾ?’

ಕೊಡೆ ಹಿಡಿದ ಒಬ್ಬರು ಓಡಿಬಂದು ಉಡುಪಿಗೆ ಬರುತ್ತೀರಾ ಎನ್ನುತ್ತಾರೆ. ‘ಹಿಂದಿನ ಆಟೊ ಖಾಲಿ ಉಂಟು, ನೋಡಿ’ ಎಂದು ಅಣ್ಣು ಎಂಜಿನ್ ನಿಲ್ಲಿಸಿ, ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೂರುತ್ತಾರೆ.

ಮಾನಸ ಬೇಬಿಯಕ್ಕನ ಕೈ ಹಿಡಿಯುತ್ತಾಳೆ. ‘ಪೆರ್ಡೂರಿನ ಅಜ್ಜಂದು ಮೊದಲಿನಿಂದ ಇನ್ನೊಮ್ಮೆ ಹೇಳಿ ಬೇಬಿಯಕ್ಕ, ಅಪ್ಪನಿಗೆ ಕೇಳುವ ಹಾಗೆ.’