ಸೋಮವಾರ ಗುರುವಾರದ ಜೀಪು

ನೆಟ್ಟಣದಲ್ಲಿ ರೈಲು ಇಳಿದು ಬರುವ ಯಾತ್ರಿಕರನ್ನು ಜೀಪಿಗೆ ಹತ್ತಿಸಿಕೊಂಡು ಸುಬ್ರಹ್ಮಣ್ಯಕ್ಕೆ ಬಿಡುವುದು ಕುಶಾಲಪ್ಪನ ಕೆಲಸವಾಗಿತ್ತು. ಹೆಂಡತಿ ಸೇವಂತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆ ಕೆಲಸ ತಾನಾಗಿಯೇ ಕಡಿಮೆಯಾಯಿತು. ಸೋಮವಾರ ಮತ್ತು ಗುರುವಾರ ಅವಳನ್ನು ಪುತ್ತೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಉಳಿದ ದಿನಗಳಲ್ಲಿ ಅವಳ ವಾಂತಿ, ಕಾಲಿನ ಊತ ನೋಡಿಕೊಂಡು ಮನೆಯಲ್ಲಿರಬೇಕು. ಸ್ಟೇಷನ್ ಎದುರು ನಿಂತು ಬಾಡಿಗೆಗೆ ಕೂಗುವ ಉಮೇದು ಅವನಲ್ಲಿ ಉಳಿದಿರಲಿಲ್ಲ.

ಅದೇ ಜೀಪಿಗೆ ಇನ್ನಿಬ್ಬರು ರೋಗಿಗಳು ಸೇರಿಕೊಂಡರು. ಒಬ್ಬರು ಕಡಬದ ತ್ಯಾಂಪಣ್ಣ. ಆಯುಷ್ಯದ ಮುಕ್ಕಾಲು ಪಾಲು ಬಸ್ ಓಡಿಸಿದವರು, ಈಗ ಹೆಂಡತಿ ಸೀತು ಕೈ ಹಿಡಿಯದೆ ಮೆಟ್ಟಿಲು ಇಳಿಯಲಾರರು. ಇನ್ನೊಬ್ಬಳು ಆಲಂಕಾರಿನ ಸುಹಾನಾ. ಮದುವೆಯಾಗಿ ವರ್ಷ ತುಂಬುವ ಮೊದಲೇ ಕಾಯಿಲೆ ಬಿದ್ದು ತವರಿಗೆ ವಾಪಸಾದವಳು. ಡಯಾಲಿಸಿಸ್ ಮುಗಿಸಿದವರಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲು ಆಗುವುದಿಲ್ಲ. ಹಾಗಾಗಿ ಎಲ್ಲರಿಗೂ ಕುಶಾಲಪ್ಪನ ಜೀಪೇ ಆಯಿತು.

ಮಷಿನ್‌ನಿಂದ ಎದ್ದು ಬಂದಾಗ ಸೇವಂತಿಗೆ ಮೈಯೆಲ್ಲ ಸುಟ್ಟ ಹಾಗಾಗುತ್ತಿತ್ತು. ಅವಳು ಬರುವಾಗ ಜೀಪು ತಂಪಾಗಿರಲಿ ಎಂದು ಅವನು ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು, ಆಸ್ಪತ್ರೆಯ ಅಂಗಳದಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದ.

ದೀಪಾವಳಿ ಹತ್ತಿರ ಇರುವಾಗ ಸೇವಂತಿ ತೀರಿಕೊಂಡಳು. ಕ್ರಿಯೆಗಳೆಲ್ಲ ಮುಗಿದ ನಂತರದ ಸೋಮವಾರ ಬೆಳಿಗ್ಗೆ ಕುಶಾಲಪ್ಪ ಜೀಪಿನ ಗಾಜು ಒರೆಸುತ್ತಿದ್ದ. ಸಂಪಾಜೆಗೆ ಮದುವೆಯಾಗಿ ಹೋಗಿದ್ದ ಮಗಳು ಮೋಕ್ಷಿತಾ ಇನ್ನೂ ತವರಿನಲ್ಲೇ ಇದ್ದಳು.

"ಅಪ್ಪ, ಇನ್ನು ಆ ಆಸ್ಪತ್ರೆಗೆ ನೀವು ಯಾಕೆ ಹೋಗುದು?"

"ತ್ಯಾಂಪಣ್ಣ, ಸುಹಾನಾ ರಸ್ತೆಬದಿಯಲ್ಲಿ ಕಾಯ್ತಾ ಇರ್ತಾರೆ."

ಮನೆಯಲ್ಲಿ ಕುಳಿತರೆ ಸೇವಂತಿಯ ಮಂಚ ಕಣ್ಣಿಗೆ ಬೀಳುತ್ತದೆ ಎಂದು ಮಗಳಿಗೆ ಹೇಳಲು ಅವನಿಂದಾಗಲಿಲ್ಲ.

ಜೀಪಿನ ಸದ್ದು ಬದಲಾದದ್ದು ಮೊದಲು ಗೊತ್ತಾದದ್ದು ತ್ಯಾಂಪಣ್ಣನಿಗೆ. "ಎಂತದು ಈ ಟಕಟಕ? ನೋಝಲ್ ಹೋಗಿರಬೇಕು ಕುಶಾಲಪ್ಪ. ನಮ್ಮ ಬಸ್ಸಿನಲ್ಲಾದರೆ ದಾರಿಬದಿಯಲ್ಲೇ ಬಿಚ್ಚಿ ಬೇರೆ ಹಾಕ್ತಿದ್ದೆವು," ಎಂದರು. ಕೆಲವು ವಾರಗಳಲ್ಲಿ ಬೆಳಗಿನ ಹೊತ್ತು ಸೈಲೆನ್ಸರಿನಿಂದ ಬಿಳಿ ಹೊಗೆ ಬರತೊಡಗಿತು. ಆಮೇಲೆ, ಬಿಸಿಯಾದ ಇಂಜಿನ್ ಒಮ್ಮೆ ಆಫ್ ಮಾಡಿದರೆ ಮತ್ತೆ ಹೊತ್ತಿಕೊಳ್ಳಲು ಅರ್ಧ ಗಂಟೆ ಬೇಕಾಯಿತು.

ಕಡಬದ ಮೆಕ್ಯಾನಿಕ್ ಪ್ರಸನ್ನ ಇಂಜಿನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರುಗಳಿಂದ ಉಳಿದ ಡೀಸೆಲ್ ವಾಪಸು ಹೋಗುವ ಪೈಪಿಗೆ ಸಣ್ಣ ಸಣ್ಣ ಬಾಟಲಿ ಸಿಕ್ಕಿಸಿ ಇಂಜಿನ್ ಚಾಲೂ ಮಾಡಿದ. ಮೂರು ಬಾಟಲಿಗಳ ತಳ ಮಾತ್ರ ಒದ್ದೆಯಾಯಿತು. ನಾಲ್ಕನೆಯದು ನೋಡನೋಡುತ್ತಿದ್ದಂತೆ ತುಂಬಿತು.

"ಒಳಗಿನ ಸೂಜಿ ಸವೆದಿದೆ," ಎಂದ ಪ್ರಸನ್ನ. "ಡೀಸೆಲ್ ಇಂಜಿನಿಗೆ ಹೋಗುದು ಬಿಟ್ಟು ಟ್ಯಾಂಕಿಗೇ ವಾಪಸ್ ಹೋಗ್ತಾ ಉಂಟು. ಮತ್ತೆ ಪ್ರೆಶರ್ ಎಲ್ಲಿಂದ ಬರುದು? ಬೇರೆ ಮೂರು ಕೂಡ ಹೆಚ್ಚು ದಿನ ಬರ್ಲಿಕ್ಕಿಲ್ಲ."

"ಇಷ್ಟು ಬೇಗ ಹೋಗ್ತದಾ?"

"ಬೇಗ ಅಲ್ಲ ಮಾರಾಯ್ರೆ. ಒಳ್ಳೆ ಡೀಸೆಲ್ ಹಾಕಿ, ಫಿಲ್ಟರ್ ಸರಿಯಾಗಿ ಬದಲಿಸಿದರೆ ಒಂದೂವರೆ ಲಕ್ಷ ಕಿಲೋಮೀಟರ್, ಕೆಲವು ಸಲ ಅದಕ್ಕೂ ಹೆಚ್ಚು ಬರ್ತದೆ. ನಿಮ್ಮದು ಎರಡು ಲಕ್ಷ ದಾಟಿದೆ. ಅದರ ಮೇಲೆ ನಿಲ್ಲಿಸಿದಲ್ಲೇ ಗಂಟೆಗಟ್ಟಲೆ ಆನ್ ಇಡ್ತೀರಿ. ಹಾಗೆ ಮಾಡಿದರೆ ಇಂಜೆಕ್ಟರಿನ ತುದಿಗೆ ಮಸಿ ಕಟ್ತದೆ." ಸೇವಂತಿಯ ವಿಷಯ ನೆನಪಾಗಿ ಅವನು ಅಷ್ಟಕ್ಕೇ ನಿಲ್ಲಿಸಿದ. "ಬಿಚ್ಚಿ ಮಂಗಳೂರಿಗೆ ಕಳಿಸಬೇಕು. ವಾಪಸ್ ಬರುವಾಗ ವಾರ ಮೇಲಾಗ್ತದೆ. ಹೀಗೇ ಓಡಿಸಿದರೆ ಡೀಸೆಲ್ ತೊಟ್ಟಿಕ್ಕಿ ತೊಟ್ಟಿಕ್ಕಿ ಒಂದು ದಿನ ಪಿಸ್ಟನ್ನೇ ಸುಟ್ಟುಹೋಗ್ತದೆ, ನೋಡಿ."

ವಾರ ಮೇಲೆ ಎಂದರೆ ಒಂದು ಸೋಮವಾರ, ಒಂದು ಗುರುವಾರ, ಬಹುಶಃ ಇನ್ನೊಂದು ಸೋಮವಾರ. ಐವರ್ನಾಡಿನ ಮೇದಪ್ಪನ ಹತ್ತಿರ ಅಂಥದ್ದೇ ಗಾಡಿ ಇತ್ತು. ಆ ಕೆಲವು ದಿನ ರೋಗಿಗಳನ್ನು ಪುತ್ತೂರಿಗೆ ಬಿಡಲು ಆಗುತ್ತದಾ ಎಂದು ಕುಶಾಲಪ್ಪ ಹೋಗಿ ಕೇಳಿದ. ಶಾಲೆಗೆ ರಜೆ ಶುರುವಾಗಿತ್ತು, ಯಾತ್ರಿಕರ ನೂಕುನುಗ್ಗಲು. "ಮೇ ಕಳೆಯಲಿ ಮಾರಾಯ, ಆಮೇಲೆ ನಾನೇ ಬರ್ತೇನೆ," ಎಂದ ಮೇದಪ್ಪ. ಅಲ್ಲಿಯವರೆಗೆ ತಳ್ಳುವ ಎಂದುಕೊಂಡ ಕುಶಾಲಪ್ಪ.

ಅವನು ಇಂಜಿನ್ ಆಫ್ ಮಾಡುವುದನ್ನೇ ಬಿಟ್ಟ. ಮನೆಯಿಂದ ಹೊರಟರೆ ವಾಪಸು ಬರುವವರೆಗೂ ಚಾಲೂ. ಹೊಗೆ ವಾರ್ಡಿಗೆ ಬರುತ್ತದೆಂದು ವಾಚ್‌ಮನ್ ಬೈದ ಮೇಲೆ ಜೀಪನ್ನು ಗೇಟಿನಾಚೆ ಬಿಸಿಲಿಗೆ ಹಾಕಿ ಅದರೊಳಗೇ ಕುಳಿತ. ಈಗ ಅವನು ಕಾಯಬೇಕಾದವಳು ಒಳಗಿರಲಿಲ್ಲ. ಕೆಲವು ಸಲ ಅದು ಮರೆತುಹೋಗಿ ಅವಳ ಸೀಟು ಒರೆಸಿಡುತ್ತಿದ್ದ.

ಮೇ ತಿಂಗಳ ಒಂದು ಸೋಮವಾರ ತ್ಯಾಂಪಣ್ಣನಿಗೆ ಬೆಳಿಗ್ಗೆಯಿಂದಲೇ ಉಸಿರು ಸಿಕ್ಕುತ್ತಿರಲಿಲ್ಲ. ಸೆಕೆಗೆ ತಡೆಯಲಾರದೆ ಎರಡು ದಿನ ಡಾಕ್ಟರು ಹೇಳಿದ ಅಳತೆ ಮೀರಿ ನೀರು ಕುಡಿದಿದ್ದರು. ಆ ನೀರೆಲ್ಲ ಎದೆಯಲ್ಲಿ ತುಂಬಿತ್ತು. ಮಲಗಲಾಗದೆ, ಮುಂದಿನ ಸೀಟಿಗೆ ಎರಡೂ ಕೈ ಊರಿ ಬಾಗಿ ಕುಳಿತಿದ್ದರು. ಸೀತು ಬೆನ್ನು ಉಜ್ಜುತ್ತಿದ್ದಳು. ಸವಣೂರು ದಾಟಿ ಏರು ಹತ್ತುವಾಗ ಬಾನೆಟ್ ಕೆಳಗೆ ಸುತ್ತಿಗೆಯಿಂದ ಹೊಡೆದಂಥ ಸದ್ದು ಕೇಳಿತು. ಹಿಂದೆ ರಸ್ತೆ ಕಾಣದಷ್ಟು ಹೊಗೆ. ಜೀಪು ಒಮ್ಮೆ ನಡುಗಿ ನಿಂತಿತು.

ಕುಶಾಲಪ್ಪ ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ.

"ಬಿಡು," ಎಂದರು ತ್ಯಾಂಪಣ್ಣ. "ಬ್ಯಾಟರಿ ಹೋಗ್ತದೆ."

ಸುಹಾನಾ ಇಳಿದು ಶಾಲು ಬೀಸುತ್ತ ರಸ್ತೆ ಮಧ್ಯೆಯೇ ನಿಂತಳು. ಎರಡು ಕಾರುಗಳು ಅವಳನ್ನು ತಪ್ಪಿಸಿಕೊಂಡು ಹೋದವು. ಕೊನೆಗೊಂದು ರಿಕ್ಷಾ ನಿಂತಿತು. ಗಂಡ ಹೆಂಡತಿ ಇಬ್ಬರನ್ನೂ ಅದರಲ್ಲಿ ಕೂರಿಸಿ, ತ್ಯಾಂಪಣ್ಣ ವಾಲದ ಹಾಗೆ ಕುಶಾಲಪ್ಪ ಪಕ್ಕದಲ್ಲಿ ಕುಳಿತು ಒತ್ತಿ ಹಿಡಿದುಕೊಂಡ. "ನೀವು ಹೋಗಿ ಕುಶಾಲಣ್ಣ, ನಾನು ಬಸ್ಸಿಗೆ ಬರ್ತೇನೆ," ಎಂದಳು ಸುಹಾನಾ. ಪುತ್ತೂರು ತಲುಪುವಾಗ ತ್ಯಾಂಪಣ್ಣನ ತುಟಿ ನೀಲಿಯಾಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ.

ಅವರು ಬದುಕಿದರು. ಆಕ್ಸಿಜನ್ ಹಾಕಿ, ಮಷಿನ್‌ಗೆ ಹಾಕಿ, ಕೆಲವು ದಿನ ಐಸಿಯುನಲ್ಲಿಟ್ಟು ಮನೆಗೆ ಕಳಿಸಿದರು.

ಅವರನ್ನು ನೋಡಲು ಕುಶಾಲಪ್ಪ ಬಸ್ಸಿನಲ್ಲಿ ಕಡಬಕ್ಕೆ ಹೋದ. ಸೀತು ಚಾ ಕೊಟ್ಟು ಒಳಬಾಗಿಲಲ್ಲಿ ನಿಂತಳು.

"ಜೀಪು ಎಂತಾಯ್ತು?" ಎಂದು ಕೇಳಿದರು ತ್ಯಾಂಪಣ್ಣ.

"ಪಿಸ್ಟನ್ ತೂತಾಗಿದೆ. ಪ್ರಸನ್ನ ಇಂಜಿನ್ ಪೂರ್ತಿ ಬಿಚ್ಚಿದ್ದಾನೆ." ಕುಶಾಲಪ್ಪ ತಲೆ ತಗ್ಗಿಸಿದ. "ಅವನು ಮೊದಲೇ ಹೇಳಿದ್ದ. ನಾನೇ ಕೇಳ್ಲಿಲ್ಲ. ಮುಂದಿನ ಗುರುವಾರಕ್ಕೆ ಬೇರೆ ಗಾಡಿ ಮಾಡ್ತೇನೆ ತ್ಯಾಂಪಣ್ಣ."

"ಬೇಡ. ನಾನು ಇನ್ನು ಬರುದಿಲ್ಲ."

"ಜೀಪಿನ ಹೆದರಿಕೆಯಿಂದ ಹಾಗೆ ಹೇಳ್ಬೇಡಿ."

"ಜೀಪಿನದ್ದಲ್ಲ." ಅವರು ಉಸಿರು ಎಳೆದುಕೊಂಡು ನಿಧಾನವಾಗಿ ಹೇಳಿದರು. "ಅವತ್ತು ಜೀಪು ನಿಂತಿತಲ್ಲ, ಆಗ ನನಗೆ ಸಮಾಧಾನ ಆಯ್ತು ಮಾರಾಯ. ಇನ್ನು ಹೋಗ್ಲಿಕ್ಕಿಲ್ಲ ಅಂತ. ನೀನು ಸುಮ್ಮನೆ ರಿಕ್ಷಾ ಹಿಡಿದೆ."

ಬಾಗಿಲಲ್ಲಿದ್ದ ಸೀತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕುಶಾಲಪ್ಪ ಚಾ ಮುಟ್ಟಲಿಲ್ಲ. ಹೊರಡುವಾಗ ಅವನಿಗೆ ಒಂದು ನೆನಪು ಬಂತು. ಸೇವಂತಿ ಕೂಡ ಕೊನೆಕೊನೆಗೆ ಜೀಪು ಹತ್ತುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಕಾಲು ನೋವು ಎಂದುಕೊಂಡು ಅವನು ತೋಳು ಹಿಡಿದು ಹತ್ತಿಸುತ್ತಿದ್ದ. ಅವನು ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದ.

ತ್ಯಾಂಪಣ್ಣ ಮಳೆ ಹಿಡಿಯುವ ಮೊದಲೇ ತೀರಿಹೋದರು. ಸುಹಾನಾಳನ್ನು ಅವಳ ಉಮ್ಮ ಕೆಲವು ವಾರ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಆಮೇಲೆ ಪುತ್ತೂರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಬಿಟ್ಟು ಬಂದಳಂತೆ. ಸುಹಾನಾ ಫೋನ್ ಮಾಡಿ, "ಇಲ್ಲಿಂದ ಆಸ್ಪತ್ರೆಗೆ ನಡೆದೇ ಹೋಗುದು ಕುಶಾಲಣ್ಣ. ನೀವು ಚಿಂತೆ ಮಾಡ್ಬೇಡಿ," ಎಂದಳು. ನಡೆಯುವಷ್ಟು ತ್ರಾಣ ಅವಳಿಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಜೀಪು ಹೊಸ ಇಂಜೆಕ್ಟರ್, ಹೊಸ ಪಿಸ್ಟನ್ ಹಾಕಿಸಿಕೊಂಡು ಮನೆಗೆ ಬಂತು. ಮೆಲ್ಲಗೆ, ಒಂದೇ ಸಮನೆ ಓಡುತ್ತಿತ್ತು. ಕುಶಾಲಪ್ಪ ಎರಡು ದಿನ ಸ್ಟೇಷನ್‌ಗೆ ಹೋದ. ಯಾತ್ರಿಕರು ತಾವಾಗಿ ಬಂದು ಕೇಳಿದರೂ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಮೂರನೆಯ ದಿನ ಹೋಗಲಿಲ್ಲ.

ಒಂದು ಸಂಜೆ ಗುರುತಿಲ್ಲದ ಹೆಂಗಸೊಬ್ಬಳ ಫೋನ್ ಬಂತು.

"ಅಣ್ಣಾ, ಡಯಾಲಿಸಿಸ್‌ಗೆ ಜೀಪಿನಲ್ಲಿ ಕರ್ಕೊಂಡು ಹೋಗುದು ನೀವಾ? ನಮ್ಮ ಅಪ್ಪನಿಗೆ ಈ ವಾರದಿಂದ ಶುರು ಮಾಡ್ಬೇಕು ಅಂತ ಹೇಳಿದ್ದಾರೆ. ಬಸ್ಸಿನಲ್ಲಿ ಆಗುದಿಲ್ಲ..."

ಕುಶಾಲಪ್ಪ ಅಂಗಳದಲ್ಲಿದ್ದ ಜೀಪಿನ ಕಡೆ, ಸೇವಂತಿ ಹತ್ತುವ ಮೊದಲು ಸುಮ್ಮನೆ ನಿಲ್ಲುತ್ತಿದ್ದ ಅದರ ಬಾಗಿಲಿನ ಕಡೆ ನೋಡಿದ.

"ಜೀಪು ಹಾಳಾಗಿದೆ ಅಮ್ಮ," ಎಂದ.

"ಯಾವಾಗ ಸರಿಯಾಗ್ತದೆ ಅಣ್ಣಾ?"

"ಆಗುದಿಲ್ಲ ಅದು," ಎಂದು ಹೇಳಿ ಫೋನ್ ಇಟ್ಟ.